ಆಷಾಢದ ಶೂಟಿಂಗ್

ಆಷಾಢ ಬಂತೆಂದರೆ ಕಾಚಿಗುಡದ ಆ ಬಾಡಿಗೆ ಮನೆಯಲ್ಲಿ ದೆವ್ವದ ಸೀರೆ ಟ್ರಂಕಿನಿಂದ ಹೊರಗೆ ಬರುತ್ತಿತ್ತು. ಆ ತಿಂಗಳು ಮದುವೆಗಳಿರುವುದಿಲ್ಲ. ಮದುವೆಗಳಿಲ್ಲದಿದ್ದರೆ ಮದುವೆ ವಿಡಿಯೋ ತೆಗೆಯುವ ವೆಂಕಟೇಶ ಖಾಲಿ ಕೂತಿರುತ್ತಿದ್ದ. ಅವನು ಖಾಲಿ ಇದ್ದಾಗ ಮಾತ್ರ ಅವನ ಕ್ಯಾಮರಾ ರವಿಶಂಕರನ ಕೈಗೆ ಎಟಕುತ್ತಿತ್ತು. ಹಾಗಾಗಿ ಅಮರೇಶ್ವರ ಕಂಬೈನ್ಸಿನ ಐದೂ ದೆವ್ವದ ಸಿನಿಮಾಗಳು ಆಷಾಢದಲ್ಲೇ ತಯಾರಾದವು, ಅದೇ ಮನೆಯ ಹಿತ್ತಲಲ್ಲಿ, ಹಾಳು ಬಾವಿಯ ಸುತ್ತ. ಲೆನ್ಸಿಗೆ ನೀಲಿ ಹಾಳೆ ಕಟ್ಟಿ ಬೆಳಿಗ್ಗೆ ಹನ್ನೊಂದು ಗಂಟೆಗೆ ಅಮಾವಾಸ್ಯೆ ಮಾಡುತ್ತಿದ್ದರು.

ಕಂಪನಿಯೆಂದರೆ ಮನೆಯವರೇ. ರವಿಶಂಕರ ಕಥೆ ಬರೆದು ನಿರ್ದೇಶನ ಮಾಡುತ್ತಿದ್ದ. ಅವನ ಹೆಂಡತಿ ಶಾಮಲಾ ಅಕ್ಕಿಹಿಟ್ಟಿಗೆ ಕೊಬ್ಬರಿ ಎಣ್ಣೆ ಕಲಸಿ ದೆವ್ವದ ಬಣ್ಣ ಮಾಡುತ್ತಿದ್ದಳು. ಬೆಲ್ಲದ ಪಾಕಕ್ಕೆ ಕುಂಕುಮ ಹಾಕಿ ರಕ್ತ ಕಾಯಿಸುತ್ತಿದ್ದಳು. ಅದೇ ಒಲೆಯ ಮೇಲೆ ಎಲ್ಲರಿಗೂ ಅಡುಗೆಯನ್ನೂ ಮಾಡುತ್ತಿದ್ದಳು. ಸಿಕಂದರಾಬಾದಿನ ರೈಲ್ವೆ ಗೂಡ್ಸ್ ಆಫೀಸಿನಿಂದ ನಿವೃತ್ತನಾದ ತಂದೆ ಅಮರೇಶಪ್ಪ ತಗಡು ಅಲ್ಲಾಡಿಸಿ ಗುಡುಗು, ಒಣ ಎಲೆ ತುಳಿದು ಹೆಜ್ಜೆ ಸಪ್ಪಳ ಮಾಡುತ್ತಿದ್ದ. ದೆವ್ವ ಮಾತ್ರ ತಾಯಿ ಗುರುಬಾಯಿ. ಮೊದಲ ಸಿನಿಮಾಕ್ಕೆ ಗೊತ್ತು ಮಾಡಿದ್ದ ನಟಿ ಬಾರದೇ ಹೋದ ದಿನ, ಅರವತ್ತೆರಡು ವರ್ಷದ ಆಕೆ, "ಕೊಡು ಇಲ್ಲೆ ಆ ಸೀರಿ" ಎಂದು ಉಟ್ಟು ನಿಂತಿದ್ದಳು. ಈಗ ರಾಯಚೂರು, ಸೇಡಂ ಬಸ್ ಸ್ಟ್ಯಾಂಡುಗಳ ಸಿ.ಡಿ. ಅಂಗಡಿಗಳಲ್ಲಿ ಜನ, "ಮುದುಕಿ ದೆವ್ವದ್ದು ಹೊಸಾದು ಬಂದೈತೇನ್ರಿ?" ಎಂದು ಕೇಳುತ್ತಿದ್ದರು.

ಗುರುಬಾಯಿಯ ತಂದೆ ಲಿಂಗಸುಗೂರಿನ ಕಡೆ ದೊಡ್ಡಾಟದಲ್ಲಿ ವೇಷ ಹಾಕುತ್ತಿದ್ದವರು. ಬಣ್ಣ ಹಚ್ಚಿದ ಮೇಲೆ ಮನೆಯ ಹೆಸರು ಹಿಡಿದು ಕರೆಯಬಾರದು ಎಂಬುದು ಅವರ ಪದ್ಧತಿ. ಅದನ್ನೇ ಆಕೆ ಈ ಮನೆಗೂ ತಂದಿದ್ದಳು. ಮುಖಕ್ಕೆ ಹಿಟ್ಟು ಬಿದ್ದಮೇಲೆ ಆಕೆ ಅವ್ವ ಅಲ್ಲ, ಅತ್ತಿ ಅಲ್ಲ. ನೀರು ಬೇಕೇ ಎಂದು ಕೂಡ ಯಾರೂ ಕೇಳುವಂತಿರಲಿಲ್ಲ.

ಎರಡು ಸಾವಿರದ ಮೂರರ ಆಷಾಢ. ಆರನೆಯ ಸಿನಿಮಾದ ಎರಡು ಸೀನು ಇನ್ನೂ ಉಳಿದಿದ್ದವು. ಅಂದು ಬೆಳಿಗ್ಗೆ ತಿನ್ನುವಾಗ ಗುರುಬಾಯಿಯ ಕೈಯಿಂದ ರೊಟ್ಟಿಯ ಚೂರು ಎರಡು ಸಲ ತಟ್ಟೆಗೆ ಬಿತ್ತು.

"ಯಾಕ್ರಿ ಅತ್ತಿ?" ಎಂದಳು ಶಾಮಲಾ.

"ಏನಿಲ್ಲವಾ. ಕೈ ಜುಮ್ಮ್ ಅನ್ನಾಕತ್ತೈತಿ. ರಾತ್ರಿ ಅದರ ಮ್ಯಾಲೇ ಮಲಗಿದ್ನೇನೋ."

"ಇವತ್ತ ಬ್ಯಾಡ ಬಿಡ್ರಿ. ನಾಳಿ ಮಾಡಿದ್ರಾತು."

"ನಾಳಿ ವೆಂಕಟೇಶ ತಿರುಪತಿಗೆ ಹೊಂಟಾನ," ಎಂದ ರವಿಶಂಕರ, ತಟ್ಟೆಯಿಂದ ತಲೆ ಎತ್ತದೆ. "ಅವ ಬರೂದ್ರಾಗ ಶ್ರಾವಣ ಬರ್ತೈತಿ. ಆಮ್ಯಾಲೆ ನಮ್ಮನ್ನ ಯಾರ್ ಕೇಳ್ತಾರ? ಜುಮ್ಮ್ ಅಂದ್ರ ತಿಕ್ಕಿದ್ರ ಹೋಗ್ತೈತಿ."

"ಮುಗಿಸಿಬಿಡೂಣು ತಗೋ," ಎಂದಳು ಗುರುಬಾಯಿ. "ಆ ಹಿಟ್ಟಿನ ವಾಸನಿಗೆ ನನಗೂ ಸಾಕಾಗೇತಿ. ರೊಟ್ಟಿ ಆಗೂ ಹಿಟ್ಟು ಮಾರಿಗೆ ಬಡ್ಕೋಬೇಕು ನೋಡು, ಹಣೇಬರ."

ಶಾಮಲಾ ಎಣ್ಣೆ ಬೆಚ್ಚಗೆ ಮಾಡಿ ಅತ್ತೆಯ ಬಲಗೈ ತಿಕ್ಕಿದಳು. ಆಮೇಲೆ ಬಣ್ಣ ಹಚ್ಚಿದಳು. ಮಾದಾಪುರದ ಕಂಪನಿಯೊಂದರಲ್ಲಿ ಅಮೆರಿಕದವರ ಫೋನಿಗೆ ಉತ್ತರ ಕೊಡುವ ಮಗಳು ಪಿಂಕಿ, ರಾತ್ರಿ ಪಾಳಿ ಮುಗಿಸಿ ಕ್ಯಾಬಿನಿಂದ ಇಳಿದವಳು ಒಳಗೆ ಮಲಗಿದ್ದಳು.

ದೆವ್ವ ಬಾವಿಯ ಕಡೆಗೆ ಮೂರು ಹೆಜ್ಜೆ ನಡೆದು, ಕೈ ಮುಂದೆ ಚಾಚಿ ಶಾಪ ಹಾಕಬೇಕು. ಗುರುಬಾಯಿ ಎರಡು ಹೆಜ್ಜೆ ನಡೆದಳು. ಚಾಚಿದ ಕೈ ಅರ್ಧದಲ್ಲೇ ಜೋತುಬಿತ್ತು. ಬಾಯಿ ಒಂದು ಕಡೆಗೆ ಎಳೆಯಿತು. ಮೊಳಕಾಲೂರಿ ಕೂತಳು. ಕಥೆಯಲ್ಲಿ ಇಲ್ಲದ ಮಾತೊಂದು ಆಕೆಯ ಬಾಯಿಂದ ತೊದಲಿ ತೊದಲಿ ಬಂತು.

"ರವ್ಯಾ... ರವ್ಯಾ..."

ತಗಡು ಹಿಡಿದಿದ್ದ ಅಮರೇಶಪ್ಪ ಎದ್ದು ನಿಂತ. ವೆಂಕಟೇಶ ಕ್ಯಾಮರಾದಿಂದ ಕಣ್ಣು ತೆಗೆದು, ನಿಲ್ಲಿಸಲೇ ಎಂದು ತನ್ನ ತೆಲುಗಿನಲ್ಲಿ ಕೇಳಿದ: "ಅನ್ನಾ, ಆಪೇಯನಾ?"

ರವಿಶಂಕರನ ಕಣ್ಣು ಕ್ಯಾಮರಾಕ್ಕೆ ಜೋಡಿಸಿದ್ದ ಪುಟ್ಟ ಟಿ.ವಿ. ಮೇಲೆ ನೆಟ್ಟಿತ್ತು. ಬೇಡವೆಂದು ಕೈ ಆಡಿಸಿದ.

"ಭೇಷ್! ಹಂಗೇ... ಹಂಗೇ ಇರು... ಬಿಡಬ್ಯಾಡ!"

ದೆವ್ವ ಪಕ್ಕಕ್ಕೆ ವಾಲಿತು. ಹಿಟ್ಟಿನ ಮುಖ ಮಣ್ಣಿಗೆ ತಾಗಿತು. ಅಮರೇಶಪ್ಪ ಮಗನ ಕಡೆ ನೋಡಿದ, ಹೆಂಡತಿಯ ಕಡೆ ನೋಡಿದ, ಅಪ್ಪಣೆಗೆ ಕಾದವನಂತೆ ಅಲ್ಲೇ ನಿಂತ. ಕ್ಯಾಸೆಟ್ಟು ತಿರುಗುತ್ತಲೇ ಇತ್ತು. ಕೊನೆಗೆ ಶಾಮಲಾಳೇ, "ಅತ್ತೀ!" ಎಂದು ಕಿರುಚಿ ಓಡಿದಳು.

"ಹಾಳ ಮಾಡಿದೆಲ್ಲ!" ಎಂದು ರವಿಶಂಕರ ಸಿಟ್ಟಿನಿಂದ ತಿರುಗಿದ. ತಿರುಗಿದ ಮೇಲೆ, ಮಣ್ಣಿನಲ್ಲಿ ಬಿದ್ದ ತಾಯಿಯನ್ನು ಕಂಡ.

ಆಟೋದವನು ಆ ಮುಖ ನೋಡಿ ಮೊದಲು ಬೆಚ್ಚಿದ. ಆಮೇಲೆ ಏನೂ ಕೇಳದೆ ತನ್ನ ಹೆಗಲ ಟವೆಲನ್ನೂ ನೀರಿನ ಬಾಟ್ಲಿಯನ್ನೂ ಹಿಂದಕ್ಕೆ ಚಾಚಿದ. ಆಸ್ಪತ್ರೆಯಲ್ಲಿ ಯಾರೂ ನಗಬಾರದೆಂದು ಶಾಮಲಾ ದಾರಿಯುದ್ದಕ್ಕೂ ಅತ್ತೆಯ ಮುಖದ ಹಿಟ್ಟು ಒರೆಸಿದಳು. ಇಳಿಯುವಾಗ ಟವೆಲ್ ವಾಪಸು ಕೊಡಹೋದರೆ, "ರಹನೇ ದೋ ಅಮ್ಮಾ, ಕಾಮ್ ಆತಾ" ಎಂದು, ಇಟ್ಟುಕೊಳ್ಳಲು ಹೇಳಿ ಅವನು ಹೋಗಿಬಿಟ್ಟ.

"ಮೊದಲು ಯಾವಾಗ ಗೊತ್ತಾಯಿತು?" ಎಂದು ಡಾಕ್ಟರು ಕೇಳಿದರು.

"ಬೆಳಿಗ್ಗೇನ ಕೈ ಜುಮ್ಮ್ ಅಂದಿತ್ರಿ," ಎಂದಳು ಶಾಮಲಾ. ರವಿಶಂಕರ ಗೋಡೆಯ ಕ್ಯಾಲೆಂಡರು ನೋಡುತ್ತ ನಿಂತ.

ಹನ್ನೊಂದನೆಯ ದಿನ ಗುರುಬಾಯಿ ಮನೆಗೆ ಬಂದಳು. ಬಲಗೈ, ಬಲಗಾಲು ಸತ್ತಂತಾಗಿದ್ದವು. ಮಾತು ಹೋಗಿತ್ತು.

ಐವತ್ತು ವರ್ಷ ಸಂಸಾರ ಮಾಡಿದರೂ ಉಪ್ಪಿನ ಡಬ್ಬಿ ಎಲ್ಲಿದೆಯೆಂದು ತಿಳಿಯದ ಅಮರೇಶಪ್ಪ ಅಡುಗೆಮನೆಗೆ ಇಳಿದ. ಹೆಂಡತಿಗೆ ನುಚ್ಚು ತಾನೇ ಮಾಡುತ್ತೇನೆಂದು ಹಟ ಹಿಡಿದ. ಮೊದಲ ದಿನ ತಳ ಹತ್ತಿ ಮನೆಯೆಲ್ಲ ಸೀದ ವಾಸನೆ. ಪಿಂಕಿ ಮೇಲಿನ ನುಚ್ಚನ್ನು ತಾನು ಆಯಿ ಎಂದು ಕರೆಯುವ ಅಜ್ಜಿಯ ಬಟ್ಟಲಿಗೆ ಬಿಟ್ಟು, ತಳದ್ದನ್ನು ಕೆರೆದು ತಾನು ತಿಂದಳು.

"ಕರೀಕಾಗೇತಲ್ಲೇ, ಚೆಲ್ಲು ಅದನ್ನ," ಎಂದ ಅಜ್ಜ.

"ನಂಗ ಹಿಂಗೇ ಇಷ್ಟ ಅಜ್ಜಾ. ಮಾದಾಪುರದಾಗ ಇದಕ್ಕ ರೋಸ್ಟೆಡ್ ಅಂತಾರ, ಡಬಲ್ ರೊಕ್ಕ."

ಪಿಂಕಿ ದಿನವೂ ಕ್ಯಾಬ್ ಬರುವ ಮುನ್ನ ಆಯಿಯ ಬಲಗೈಗೆ ಸ್ಪಂಜಿನ ಚೆಂಡು ಕೊಟ್ಟು, ಬೆರಳು ಒಂದೊಂದಾಗಿ ಮಡಿಚಿಸುತ್ತಿದ್ದಳು. ಕ್ಯಾಬಿನ ಡ್ರೈವರು ತಾಯಪ್ಪ ಯಾದಗಿರಿಯವನು. ಎರಡು ದಿನ ಹಾರ್ನ್ ಹೊಡೆದು, ಮೂರನೆಯ ದಿನ ಒಳಗೆ ಬಂದು ನೋಡಿದ. ಅಂದಿನಿಂದ ಹಾರ್ನ್ ಹೊಡೆಯುವುದನ್ನೇ ಬಿಟ್ಟ. ಪಿಂಕಿಯನ್ನು ಎಲ್ಲರಿಗಿಂತ ಕೊನೆಗೆ ಹತ್ತಿಸಿಕೊಳ್ಳುವಂತೆ ದಾರಿಯನ್ನೇ ಬದಲಿಸಿದ.

ರವಿಶಂಕರ ಹಿತ್ತಲ ಕಡೆ ಹೋಗುತ್ತಿರಲಿಲ್ಲ. ಸಿನಿಮಾ ನಿಂತಿತ್ತು. ಶ್ರಾವಣದ ಎರಡನೆಯ ವಾರ ವೆಂಕಟೇಶ ಕ್ಯಾಸೆಟ್ಟು ತಂದು ಕೊಟ್ಟ. ಅಂದಿನ ಬಾಡಿಗೆ ಬೇಡವೆಂದ. "ಅನ್ನಾ, ನಾ ನೋಡಿಲ್ಲ. ನೋಡೋದಿಲ್ಲ" ಎಂದು ತನ್ನ ಹರಕು ಕನ್ನಡದಲ್ಲಿ ಹೇಳಿ, ಗುರುಬಾಯಿಯ ಕಾಲು ಮುಟ್ಟಿ ಹೋದ.

ರವಿಶಂಕರ ಅದನ್ನು ಹಾಕಿ ನೋಡಿದ. ಶಾಮಲಾ ಬಾಗಿಲಿಗೆ ಬಂದಾಗ ಅವನು ಎರಡನೆಯ ಸಲ ನೋಡುತ್ತಿದ್ದ.

"ಆರಿಸ್ರಿ ಅದನ್ನ," ಎಂದಳು.

"ಶಾಮಲಾ, ಇಲ್ಲೆ ಕೂಡು. ಒಂದು ಮಾತ ಕೇಳು. ದೆವ್ವ ಬಾವಿ ಮುಂದ ಬಂದು ಬೀಳತೈತಿ. ಅಲ್ಲಿಗೆ ಕತಿ ಮುಗೀತೈತಿ. ಆ ಎರಡು ಸೀನೂ ಬೇಕಾಗಿಲ್ಲ."

ಅವಳಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಕೈಯಲ್ಲಿದ್ದ ಲಟ್ಟಣಿಗೆಯನ್ನು ಕಟ್ಟೆಯ ಮೇಲೆ ಇಟ್ಟಳು.

"ತಾಯಿ ಬಿದ್ದದ್ದನ್ನ ಮಾರತೀರೇನ್ರಿ?"

"ಮತ್ತೇನ್ ಮಾಡ್ಲಿ? ಸಿ.ಡಿ. ಅಂಗಡಿ ಪದ್ಮನಾಭ ದಸರಾದತನಕ ಕಾಯ್ತಾನ. ಆಮ್ಯಾಲೆ ಬರೇ ಭಕ್ತಿಗೀತಿ ಹಾಕ್ತೀನಿ ಅಂದಾನ. ನಂಗ ನಲವತ್ತಾರು. ಬ್ಯಾರೆ ಏನೂ ಬರೂದಿಲ್ಲ. ಮಗಳ ಆಫೀಸಿನ ಮುಂದ ಗೇಟ್ ಕಾಯ್ಲೇನು?"

"ಕಾಯ್ರಿ. ಗೇಟ್ ಕಾಯವ್ರು ಅವ್ವ ಬಿದ್ರ ಎತ್ತತಾರ."

ಅಂದು ರಾತ್ರಿ ಇಬ್ಬರೂ ಉಣ್ಣಲಿಲ್ಲ.

ಅಬಿಡ್ಸಿನಲ್ಲಿ ಸಿ.ಡಿ. ಮಳಿಗೆಯಿಟ್ಟು ಇವರ ಸಿನಿಮಾಗಳನ್ನು ಮಾರುತ್ತಿದ್ದ ಪದ್ಮನಾಭ ಕೆಟ್ಟವನಲ್ಲ. ಮುಂದಿನ ಭಾನುವಾರ ಬಾಳೆಹಣ್ಣು ತಂದ. ತಾನೇ ಸುಲಿದು, ಚಿಕ್ಕ ಚಿಕ್ಕ ಚೂರು ಮಾಡಿ ಗುರುಬಾಯಿಯ ಬಾಯಿಗಿಟ್ಟ. "ಗುರುಬಾಯಾರ, ರಾಯಚೂರ ಮಂದಿ ನಿಮ್ಮನ್ನ ಕೇಳಾಕತ್ತಾರ. ಲಗೂ ಏಳ್ರಿ" ಎಂದ. ಗುರುಬಾಯಿ ಅರ್ಧ ಮುಖದಲ್ಲಿ ನಕ್ಕಳು. ಹೊರಗಿನ ಕೋಣೆಯಲ್ಲಿ ರವಿಶಂಕರ ಅವನಿಗೆ ದನಿ ಆರಿಸಿ ಕ್ಯಾಸೆಟ್ಟು ತೋರಿಸಿದ. ಪದ್ಮನಾಭ ನಾಲ್ಕು ನಿಮಿಷವೂ ಕುರ್ಚಿಯ ತುದಿಯಲ್ಲೇ ಕೂತು ನೋಡಿದ.

"ಏನ್ ಆಕ್ಟಿಂಗ್ ರವಿಯವರ! ಮೈ ಜುಮ್ಮ್ ಅಂತು. ಇದಾ ಬೇಕು ನೋಡ್ರಿ."

ಅದು ಆಕ್ಟಿಂಗ್ ಅಲ್ಲವೆಂದು ರವಿಶಂಕರ ಹೇಳಲಿಲ್ಲ.

ಮರುದಿನ ಹಿತ್ತಲಲ್ಲಿ ಹೆಂಡತಿಯ ಬಟ್ಟೆ ಹಿಂಡುತ್ತಿದ್ದ ತಂದೆಯ ಹತ್ತಿರ ಹೋಗಿ ನಿಂತ.

"ಅಪ್ಪ, ನಾಕ ನಿಮಿಷದ್ದು ಐತಿ. ದನಿ ತಗದು ಗಾಳಿ, ನಾಯಿ ಕೂಗು ಹಾಕಬೇಕು. ನೀನಾ ಮಾಡಿಕೊಡಬೇಕು."

ಅಮರೇಶಪ್ಪ ಸೀರೆಯ ಒಂದು ತುದಿಯನ್ನು ಮಗನ ಕೈಗೆ ಕೊಟ್ಟ. ಇಬ್ಬರೂ ಹಿಂಡಿದರು.

"ಯಾವ ದನಿ ತಗೀಬೇಕು?"

ರವಿಶಂಕರ ಸೀರೆಯ ತುದಿಯನ್ನು ಇನ್ನೊಂದು ಸುತ್ತು ತಿರುವಿದ.

"ಆಕಿ ನಿನ್ನ ಕರದದ್ದೇನು, ಇಲ್ಲಾ ನೀ ಭೇಷ್ ಅಂದದ್ದೇನು?"

"ಎರಡೂ."

ಅಮರೇಶಪ್ಪ ಸೀರೆ ಝಾಡಿಸಿ ತಂತಿಯ ಮೇಲೆ ಹರವಿದ. "ಅಷ್ಟು ಮುಚ್ಚೂ ಸಪ್ಪಳ ನನ್ನ ತಗಡಿನ್ಯಾಗ ಇಲ್ಲಪಾ," ಎಂದ. ಸೀರೆಯ ಸುಕ್ಕು ಬಿಡಿಸುತ್ತ ಮತ್ತೆ, "ನಾನೂ ನಿಂತಿದ್ನಲ್ಲೋ ಅಲ್ಲೇ. ನಿನಗೊಬ್ಬನಿಗೇ ಏನಂತ ಹೇಳ್ಲಿ" ಎಂದ.

ಆ ಮಾತು ರವಿಶಂಕರನನ್ನು ತಡೆಯಬಹುದಿತ್ತು. ತಡೆಯಲಿಲ್ಲ. ಅಮೀರ್‌ಪೇಟೆಯ ಯಾವುದೋ ಸಣ್ಣ ಸ್ಟುಡಿಯೋದಲ್ಲಿ ಕೂತು, ಗೊತ್ತಿಲ್ಲದ ಹುಡುಗರಿಂದ ಆ ಕೆಲಸ ಮಾಡಿಸಿದ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಕೇಳಿದರೆ, ಬಾಕಿ ಸಾಮಾನು ವಾಪಸು ಮಾಡಲು ಹೋಗಿದ್ದೆ ಎನ್ನುತ್ತಿದ್ದ.

ಭಾದ್ರಪದ ಮುಗಿಯುವ ಹೊತ್ತಿಗೆ ಪಿಂಕಿ ಒಂದು ಬೆಳಿಗ್ಗೆ ಕಾಚಿಗುಡ ಸ್ಟೇಷನ್ನಿನ ಹತ್ತಿರವೇ ಇಳಿದು ನಡೆದು ಬಂದಳು. ರವಿಶಂಕರ ರೊಟ್ಟಿ ತಿನ್ನುತ್ತ ಕೂತಿದ್ದ. ಅವನ ತಟ್ಟೆಯ ಪಕ್ಕದಲ್ಲಿ ಒಂದು ಸಿ.ಡಿ. ಇಟ್ಟಳು. ಮೇಲಿನ ಚಿತ್ರದಲ್ಲಿ ಬಿಳಿ ಮುಖ, ಸೊಟ್ಟಗಾದ ಬಾಯಿ.

"ಪಪ್ಪಾ, ಇದು ಆಯಿ ಬಿದ್ದಾಗಿಂದು. ಹೌದಿಲ್ಲೋ?"

ಶಾಮಲಾ ಹಂಚಿನ ಮುಂದಿನಿಂದ ಎದ್ದು ಬಂದಳು.

"ಹೌದು," ಎಂದ ರವಿಶಂಕರ.

"ಕ್ಯಾಬಿನ್ಯಾಗ ನನ್ನ ಫ್ರೆಂಡ್ ತೋರಿಸಿದ್ಲು. ಎಷ್ಟು ಹೆದರಿಕಿ ಬರ್ತೈತಿ ನೋಡು, ಅಂದ್ಲು. ನಮ್ಮ ಆಯಿ ಅಂತ ಹೆಂಗ್ ಹೇಳ್ಲಿ ಪಪ್ಪಾ?" ಅವಳು ಸಿ.ಡಿ.ಯನ್ನು ಮಗುಚಿ ಇಟ್ಟಳು. "ತಾಯಪ್ಪಣ್ಣ ಅದನ್ನ ಆಕಿ ಕೈಯಿಂದ ಇಸಗೊಂಡು ನನಗ ಕೊಟ್ಟ."

"ಔಷಧ ಹೆಂಗ ಬರಾಕತ್ತಾವ ಅನ್ಕೊಂಡಿ?" ಎಂದು ರವಿಶಂಕರ ಒಮ್ಮೆಲೇ ಕೂಗಿದ. "ಎಲ್ಲಾ ನಿನ್ನ ಪಗಾರದಾಗ ಆಗ್ತೈತೇನು?"

"ಆಗ್ತಿತ್ತು," ಎಂದಳು ಪಿಂಕಿ. "ಕೇಳಬೇಕಿತ್ತು."

ಶಾಮಲಾ ಹಂಚಿನ ಮುಂದೆ ವಾಪಸು ಹೋಗಿ ಕೂತಳು. ಅಂದಿನಿಂದ ಗಂಡನ ಜೊತೆ ಮಾತಾಡಲೇ ಇಲ್ಲ. ಊಟಕ್ಕೆ ಕೂತರೆ, "ಪಿಂಕಿ, ನಿಮ್ಮಪ್ಪಗ ಇನ್ನೊಂದು ರೊಟ್ಟಿ ಬೇಕೇನು ಕೇಳು" ಎನ್ನುತ್ತಿದ್ದಳು. ಪಿಂಕಿ ಇಲ್ಲದಾಗ ಮಾವನಿಗೆ ಹೇಳುತ್ತಿದ್ದಳು. ಅಮರೇಶಪ್ಪ, "ಬೇಕಂತ" ಅಥವಾ "ಸಾಕಂತ" ಎನ್ನುತ್ತಿದ್ದ, ಮಗನ ಮುಖ ನೋಡದೆ. ಇಷ್ಟಾದರೂ ರವಿಶಂಕರನ ರೊಟ್ಟಿ ಒಂದು ದಿನವೂ ತಣ್ಣಗಿರಲಿಲ್ಲ.

ಸಿನಿಮಾ ಓಡಿತು. ಹಿಂದಿನ ಐದಕ್ಕಿಂತ ಹೆಚ್ಚು ಓಡಿತು. ಪದ್ಮನಾಭ ಇನ್ನೊಂದು ಬೇಕೆಂದು ಎರಡು ಸಲ ಫೋನು ಮಾಡಿದ. ರವಿಶಂಕರ ಫೋನು ಎತ್ತಲಿಲ್ಲ. ಇಡೀ ದಿನ ಹೊರಗಿನ ಕೋಣೆಯಲ್ಲಿ ಕೂತು ಏನೂ ಬರೆಯದೆ ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಇರುತ್ತಿದ್ದ. ಗಡ್ಡ ಬೆಳೆಯಿತು. ತಾಯಿಯ ಕೋಣೆಗೆ ಆಕೆ ನಿದ್ದೆ ಹೋದ ಮೇಲೆ ಮಾತ್ರ ಹೋಗುತ್ತಿದ್ದ.

ದಸರೆಯ ಹೊತ್ತಿಗೆ ಗುರುಬಾಯಿಗೆ ಮಾತು ಅಷ್ಟಷ್ಟಾಗಿ ಬಂತು. ಮೊದಲು "ನೀರು". ಆಮೇಲೆ "ಪಿಂಕಿ". ಒಂದು ದಿನ, ಹಾಸಿಗೆ ಬದಲಿಸುತ್ತಿದ್ದ ಸೊಸೆಗೆ, "ಸಿನಿಮಾ... ಏನಾತು?" ಎಂದಳು.

"ಆಗ್ತೈತ್ರಿ ಅತ್ತಿ. ನೀವು ಮೊದಲ ಆರಾಮಾಗ್ರಿ."

ಬಿದ್ದ ದಿನದ್ದು ಆಕೆಗೆ ಏನೂ ನೆನಪಿರಲಿಲ್ಲ. ರೊಟ್ಟಿ ತಿಂದದ್ದು, ಸೊಸೆ ಕೈ ತಿಕ್ಕಿದ್ದು, ಅಷ್ಟೇ. ಶೂಟಿಂಗಿನ ಮರುದಿನ ಹಾಸಿಗೆಯಿಂದ ಏಳುವಾಗ ಬಿದ್ದೆ ಎಂದು ಯಾರೋ ಹೇಳಿದ್ದನ್ನೇ ನಂಬಿದ್ದಳು. ಆದರೆ ಬನ್ನಿ ಕೊಡಲು ಬಂದ ಪಕ್ಕದ ಮನೆಯಾಕೆ, "ಗುರುಬಾಯಾರ, ಸಿ.ಡಿ. ಮ್ಯಾಲೆ ನಿಮ್ಮ ಫೋಟೋ ನೋಡಿದ್ನಿರಿ, ಭಾಳ ಅಂಜಿಕಿ ಬಂತು" ಎಂದುಬಿಟ್ಟಳು.

ಪ್ರತಿ ಸಿನಿಮಾ ತಯಾರಾದ ಮೇಲೆ ಟಿ.ವಿ.ಗೆ ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡೆದು, ಮನೆಯವರೆಲ್ಲ ಒಟ್ಟಿಗೆ ಕೂತು ನೋಡುವುದು ರೂಢಿ. ಗುರುಬಾಯಿ ಅದನ್ನೇ ಹಿಡಿದಳು. ಪ್ಲೇಯರು ಕೆಟ್ಟಿದೆ ಎಂದಳು ಪಿಂಕಿ. ಅಮರೇಶಪ್ಪ ಅದರ ವೈರನ್ನು ಕಿತ್ತು ಬಟ್ಟೆಯ ಗಂಟಿನಲ್ಲಿ ಬಚ್ಚಿಟ್ಟಿದ್ದ. ಗುರುಬಾಯಿ ಒಂದು ಹೊತ್ತು ನುಚ್ಚು ಮುಟ್ಟಲಿಲ್ಲ.

"ನಂದು... ನಾನಾ ನೋಡಬಾರದೇನು?"

ಅಮರೇಶಪ್ಪ ಹೋಗಿ ವೈರು ತಂದ. ಪಿಂಕಿಗೆ ರಜೆಯಿದ್ದ ಭಾನುವಾರ ಮಧ್ಯಾಹ್ನ. ಬಲಗಡೆ ವಾಲದಂತೆ ದಿಂಬು ಒತ್ತಿ ಗುರುಬಾಯಿಯನ್ನು ಕುರ್ಚಿಯಲ್ಲಿ ಕೂರಿಸಿದರು. ಕರೆಯದೆ ರವಿಶಂಕರ ಬರುವಂತಿರಲಿಲ್ಲ.

"ರವ್ಯಾ... ನೀ ಹಚ್ಚು," ಎಂದಳು ತಾಯಿ.

ಅವನು ಬಂದ. ರಿಮೋಟು ಹಿಡಿದು ಆಕೆಯ ಕಾಲ ಹತ್ತಿರ ನೆಲದ ಮೇಲೆ ಕೂತ. ಶಾಮಲಾ ಅಡುಗೆಮನೆಯ ಬಾಗಿಲಲ್ಲೇ ನಿಂತಳು.

ಗುರುಬಾಯಿ ಚಿಕ್ಕ ಹುಡುಗಿಯಂತೆ ನೋಡಿದಳು. ಬೇವಿನ ಮರದ ಹಿಂದಿನಿಂದ ತಾನು ಇಣುಕುವಾಗ ನಕ್ಕಳು. ಗುಡುಗು ಬಂದಾಗ ಗಂಡನ ಕಡೆ ಕಣ್ಣು ಮಿಟುಕಿಸಿದಳು. ಆಮೇಲೆ ಬಾವಿ ಬಂತು. ದೆವ್ವ ಎರಡು ಹೆಜ್ಜೆ ನಡೆಯಿತು. ಗಾಳಿ ಊಳಿಟ್ಟಿತು. ನಾಯಿಗಳು ಕೂಗಿದವು. ಬಾಯಿ ಅಲ್ಲಾಡುತ್ತಿತ್ತು, ಮಾತು ಕೇಳುತ್ತಿರಲಿಲ್ಲ. ಪಿಂಕಿ ಮುಖ ತಿರುಗಿಸಿದಳು.

"ನಿಂದರ್ಸು," ಎಂದಳು ಗುರುಬಾಯಿ.

ರವಿಶಂಕರ ನಿಲ್ಲಿಸಿದ. ಆಕೆ ಮುಂದಕ್ಕೆ ಬಗ್ಗಿ ಬಹಳ ಹೊತ್ತು ನೋಡಿದಳು.

"ಇದು... ಛಲೋ ಆಗಿಲ್ಲೋ."

ಅಮರೇಶಪ್ಪ ಜಾರಿದ ದಿಂಬನ್ನು ಸರಿಮಾಡಿದ.

"ಕೈ ನೋಡು. ಯಾಕ... ಹಂಗ ಜೋತುಬಿಟ್ಟೀನಿ? ಬಾಯಿ ಸೊಟ್ಟ. ದೆವ್ವ... ಹಿಂಗ ಬೀಳ್ತೈತೇನು? ಸುಳ್ಳ... ಕಾಣತೈತಿ." ಆಕೆಗೆ ನಿಜವಾಗಿಯೂ ಬೇಜಾರಾಗಿತ್ತು. "ಇನ್ನೊಮ್ಮಿ ಯಾಕ ತಗೀಲಿಲ್ಲ ರವ್ಯಾ?"

ರವಿಶಂಕರ ಬಾಯಿ ತೆರೆದ. "ಅವ್ವ, ಅದು... ನಾನು..."

"ಕರೆಂಟ್ ಹೋತ್ರಿ ಅತ್ತಿ," ಎಂದಳು ಶಾಮಲಾ ಬಾಗಿಲಿನಿಂದ.

ರವಿಶಂಕರ ತಿರುಗಿ ಹೆಂಡತಿಯನ್ನು ನೋಡಿದ. ಅವಳು ಅವನನ್ನು ನೋಡಲಿಲ್ಲ. "ಸಂಜಿಮಟಾ ಬರಲೇ ಇಲ್ಲ. ಇವರು ಇನ್ನೊಮ್ಮಿ ತಗೀಬೇಕಂತ ಭಾಳ ಒದ್ದಾಡಿದ್ರು."

"ಹೌದೌದು," ಎಂದ ಅಮರೇಶಪ್ಪ. "ಕ್ಯಾಸೆಟ್ಟೂ ಅದಾ ಕಡೀದು."

"ಹಂಗಾರ... ಇವಂದೇನ್ ತಪ್ಪು?" ಗುರುಬಾಯಿ ಎಲ್ಲರನ್ನೂ ಒಮ್ಮೆ ನೋಡಿದಳು. "ಇವನ ಮಾರಿ ನೋಡ್ರಿ ಹೆಂಗಾಗೇತಿ. ಯಾರೂ... ಬೈಬ್ಯಾಡ್ರಿ ಅವಗ."

ರವಿಶಂಕರನ ಭುಜಗಳು ಅಲುಗುತ್ತಿದ್ದವು. ಸಪ್ಪಳ ಬರದಂತೆ ಅವನು ತುಟಿ ಕಚ್ಚಿ ಹಿಡಿದಿದ್ದ.

"ಹಿಂದಕ ತಿರುವು. ಮತ್ತ ಹಚ್ಚು," ಎಂದಳು ತಾಯಿ.

ಅವನು ತಿರುವಿದ. ದೆವ್ವ ಎದ್ದು ನಿಂತಿತು, ಹಿಂದಕ್ಕೆ ನಡೆಯಿತು, ಮತ್ತೆ ಮುಂದೆ ಬಂತು. ಗುರುಬಾಯಿ ಚೆನ್ನಾಗಿದ್ದ ಎಡಗೈಯನ್ನು ಮೆಲ್ಲಗೆ ಎತ್ತಿ, ಬೆರಳು ಅಗಲಿಸಿ ಟಿ.ವಿ.ಯ ಕಡೆಗೆ ಚಾಚಿದಳು. ಆ ಕೈ ಸ್ವಲ್ಪವೂ ನಡುಗಲಿಲ್ಲ.

"ಹಿಂಗ. ಕಂಡ್ಯಾ? ಹಿಂಗ ಮಾಡಬೇಕಿತ್ತು ನಾ. ಅಲ್ಲೆ ನೋಡಬ್ಯಾಡ, ನನ್ನ ನೋಡು."

ಅವನು ನೋಡಿದ.

"ಇನ್ನೊಮ್ಮಿ ಹಚ್ಚು," ಎಂದಳು.